ನಕ್ಷೆಯಲ್ಲಿ ಕಾಡಾಗಿದ್ದ ಅಡಿಕೆ ತೋಟ

ಶಿರಸಿ ಸೀಮೆಯ ಒಂದು ಊರಿನ ನೆಲದಲ್ಲಿ ಎಷ್ಟು ಇಂಗಾಲ ಸಂಗ್ರಹವಾಗಿದೆ ಎಂದು ಲೆಕ್ಕ ಹಾಕುವ ಕೆಲಸ ಬಂದಾಗ, ಕಷ್ಟವೆಲ್ಲ ಮರ ಅಳೆಯುವುದರಲ್ಲೇ ಇದೆ ಎಂದುಕೊಂಡಿದ್ದೆ. ಎದೆಮಟ್ಟದಲ್ಲಿ ಟೇಪು ಸುತ್ತುವುದು, ಎತ್ತರ ಅಂದಾಜಿಸುವುದು, ಜಾತಿ ನೋಡಿ ಕಟ್ಟಿಗೆಯ ಸಾಂದ್ರತೆ ಹುಡುಕುವುದು, ಬಂದ ಒಣತೂಕದಲ್ಲಿ ಶೇಕಡಾ 47ರಷ್ಟನ್ನು ಇಂಗಾಲವೆಂದು ಹಿಡಿಯುವುದು. ಉಂಬಳಗಳಿಗೆ ರಕ್ತ ಕೊಟ್ಟು ಅಷ್ಟನ್ನೂ ಶ್ರದ್ಧೆಯಿಂದ ಮಾಡಿದೆವು. ಎಡವಿದ್ದು ಬೇರೆ ಕಡೆ.

ನಕ್ಷೆಯಲ್ಲಿ ಕಾಡು, ತೋಟ, ಗದ್ದೆ, ಬೇಣ (ಹುಲ್ಲು ಬೆಳೆಯುವ ಬಯಲು) ಎಂದು ವಿಂಗಡಿಸಿ, ಒಂದೊಂದರ ವಿಸ್ತೀರ್ಣವನ್ನು ಹೆಕ್ಟೇರಿಗೆ ಇಷ್ಟು ಟನ್ ಎಂಬ ಅಂಕಿಯಿಂದ ಗುಣಿಸಿ ಕೂಡಬೇಕು. ನಾನು ಸೆಂಟಿನೆಲ್-2 ಉಪಗ್ರಹದ ಒಂದೇ ಒಂದು ಡಿಸೆಂಬರ್ ಚಿತ್ರವನ್ನು ನಂಬಿ ನಕ್ಷೆ ಮಾಡಿದೆ. ಅದನ್ನು ಮುದ್ರಿಸಿ ಊರಿಗೆ ಒಯ್ದೆ. ಜಗಲಿಯಲ್ಲಿ ಕುಳಿತಿದ್ದ ಹಿರಿಯ ತೋಟಿಗರೊಬ್ಬರು ಕನ್ನಡಕ ಏರಿಸಿ ನೋಡಿದರು.

“ಏನು ತಮ್ಮಾ, ನನ್ನ ತೋಟವನ್ನು ಕಾಡು ಮಾಡಿಬಿಟ್ಟಿದ್ದೀಯಲ್ಲ! ಈ ಸಲ ಕೊಳೆರೋಗಕ್ಕೆ ಔಷಧಿ ಹೊಡೆಯಲು ಫಾರೆಸ್ಟಿನವರೇ ಬರುತ್ತಾರೋ?”

ಮೇಲಿನಿಂದ ನೋಡಿದರೆ ಅಡಿಕೆಯ ಹೆಡೆ, ಅದರಡಿ ಬಾಳೆ, ಏಲಕ್ಕಿ, ಮೈತುಂಬ ಹಬ್ಬಿದ ಮೆಣಸು, ವರ್ಷವಿಡೀ ಹಸಿರು. ನಿತ್ಯಹರಿದ್ವರ್ಣದ ಕಾನಿನ ಬಣ್ಣವೂ ಹೆಚ್ಚುಕಡಿಮೆ ಅದೇ. ಆದರೆ ಕೆಳಗಿರುವುದೇ ಬೇರೆ. 2.7 ಮೀಟರ್ ಅಂತರದಲ್ಲಿ ನೆಟ್ಟರೆ ಹೆಕ್ಟೇರಿಗೆ ಸುಮಾರು 1,370 ಅಡಿಕೆ ಮರ ಹಿಡಿಯುತ್ತವೆ ನಿಜ; ಕೊಂಬೆಯಿಲ್ಲದ ಆ ಸಪೂರ ಕಾಂಡಗಳನ್ನು ಎರಡು ಆಳು ತಬ್ಬಬೇಕಾದ ಮರಗಳ ಪಕ್ಕ ಹೇಗೆ ನಿಲ್ಲಿಸುವುದು? ಮಾತಿಗೆ ಕಾಡಿನಲ್ಲಿ ಹೆಕ್ಟೇರಿಗೆ 120 ಟನ್, ತೋಟದಲ್ಲಿ 40 ಟನ್ ಇಂಗಾಲ ಎಂದಿಟ್ಟುಕೊಳ್ಳಿ. 50 ಹೆಕ್ಟೇರ್ ತೋಟಕ್ಕೆ ಕಾಡಿನ ಬಣ್ಣ ಬಿದ್ದರೆ 4,000 ಟನ್ ಇಂಗಾಲ ಬರೀ ಕಾಗದದ ಮೇಲೆ ಹುಟ್ಟುತ್ತದೆ. ಕಾರ್ಬನ್ ಡೈಆಕ್ಸೈಡಿಗೆ ಪರಿವರ್ತಿಸಿದರೆ ಹದಿನಾಲ್ಕು ಸಾವಿರ ಟನ್ನಿಗೂ ಮೇಲೆ. ಟೇಪು ಒಂದು ಸೆಂಟಿಮೀಟರ್ ಸಡಿಲವಾಯಿತೆಂದು ನಾವು ಜಗಳವಾಡಿದ್ದು ನೆನೆದು ನಗು ಬಂತು.

ತೋಟವನ್ನು ಕಾಡು ಎನ್ನುವುದು ಎಲ್ಲ ಕಡೆಯೂ ತಪ್ಪಲ್ಲ. ಭಾರತೀಯ ಅರಣ್ಯ ಸಮೀಕ್ಷೆಯು ಒಂದು ಹೆಕ್ಟೇರಿಗೆ ಕಡಿಮೆಯಿಲ್ಲದ, ಶೇಕಡಾ 10ಕ್ಕೆ ಕಡಿಮೆಯಿಲ್ಲದ ಮರದ ನೆರಳಿರುವ ಜಾಗವನ್ನು, ಒಡೆಯ ಯಾರೇ ಇರಲಿ, ಮರ ಯಾವುದೇ ಇರಲಿ, ಅರಣ್ಯ ಹೊದಿಕೆಗೆ ಸೇರಿಸುತ್ತದೆ. ಹಸಿರೆಷ್ಟಿದೆ ಎಂದು ತಿಳಿಯಲು ಅದು ಸಾಕು. ಆ ಹೊದಿಕೆಯ ಅಷ್ಟೂ ಹೆಕ್ಟೇರುಗಳನ್ನು ದಟ್ಟ ಕಾನಿನ ಅಂಕಿಯಿಂದ ಗುಣಿಸಿದರೆ ಮಾತ್ರ ಕೆಟ್ಟೆವು.

ಮತ್ತೆ ಕುಳಿತೆ. ಮಳೆಗಾಲದ ಚಿತ್ರಗಳಲ್ಲಿ ಮೋಡ ಬಿಟ್ಟರೆ ಬೇರೇನೂ ಕಾಣುವುದಿಲ್ಲ, ಹಾಗಾಗಿ ಡಿಸೆಂಬರಿನ ಜೊತೆ ಮಾರ್ಚಿನದನ್ನು ಸೇರಿಸಿದೆ. ಮಾರ್ಚಿನಲ್ಲಿ ಎಲೆ ಉದುರಿಸಿ, ಸೊಪ್ಪು ಕಡಿಸಿಕೊಂಡ ಸೊಪ್ಪಿನ ಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು ಒದಗಿಸುವ ಕಾಡು, ಕುರುಚಲಿನಂತೆ ಕಾಣುತ್ತದೆ. ಅದೊಂದನ್ನೇ ನೋಡಿದವನು ಇಂಗಾಲವನ್ನು ಕಡಿಮೆ ಬರೆದುಬಿಡುತ್ತಾನೆ. ಎರಡನ್ನೂ ನೋಡಿದಾಗ ಬೆಟ್ಟ ಬೇರೆಯಾಯಿತು, ಕಾನು ಮತ್ತು ತೋಟ ಇನ್ನೂ ಅಂಟಿಕೊಂಡೇ ಇದ್ದವು. ಅವನ್ನು ಬಿಡಿಸಿದ್ದು ನೆಲದ ಏರಿಳಿತದ ಮಾಹಿತಿ: ಇಲ್ಲಿನ ತೋಟ ಕಣಿವೆಯ ತಳದಲ್ಲಿ, ಹಳ್ಳದ ಆಚೀಚೆ ಇರುತ್ತದೆ. ಕೆಲವು ತೋಟಗಳು ನಲವತ್ತು ಹೆಜ್ಜೆಯಷ್ಟೂ ಅಗಲವಿಲ್ಲ. ಉಪಗ್ರಹ ಚಿತ್ರದ ಒಂದೊಂದು ಚುಕ್ಕೆ ನೆಲದ ಒಂದು ಚೌಕ; 30 ಮೀಟರಿನ ಚೌಕದಲ್ಲಿ ಅವು ಅರ್ಧ ತೋಟ, ಅರ್ಧ ಬೆಟ್ಟ. 10 ಮೀಟರಿನ ಚೌಕವೇ ಬೇಕು.

ಬೇಣದ್ದು ಇನ್ನೊಂದು ಕಥೆ. ಮೊದಲ ನಕ್ಷೆಯಲ್ಲಿ ಅದಕ್ಕೆ ಬೀಳು ಎಂದು ಹೆಸರಿಟ್ಟು, ಸೊನ್ನೆ ಕೊಟ್ಟಿದ್ದೆ. 30 ಸೆಂಟಿಮೀಟರ್ ಗುಂಡಿ ತೋಡಿದಾಗ ಹುಲ್ಲಿನ ಬೇರು ಜಾಲದಂತೆ ಹೆಣೆದುಕೊಂಡ ಕಪ್ಪು ಮಣ್ಣು ಬಂತು. ಅಲ್ಲಿ ಸೊನ್ನೆ ಬರೆದವನಿಗೆ ನಾಳೆ ಅಕೇಶಿಯಾ ನೆಟ್ಟರೆ ಬಂದದ್ದೆಲ್ಲ ಲಾಭವಾಗಿಯೇ ಕಾಣುತ್ತದೆ. ಈ ಲೆಕ್ಕವನ್ನು ನಾನು ಒಪ್ಪುವುದಿಲ್ಲ.

ಕೊನೆಗೆ ಪ್ರತಿ ವರ್ಗದಿಂದಲೂ ಚೀಟಿ ಎತ್ತಿದ ಹಾಗೆ ಬಿಂದುಗಳನ್ನು ಆರಿಸಿ, ಕಾಲ್ನಡಿಗೆಯಲ್ಲಿ ಹೋಗಿ ನೋಡಿ, ನಕ್ಷೆ ಎಲ್ಲೆಲ್ಲಿ ಸುಳ್ಳಾಡಿದೆ ಎಂದು ಪಟ್ಟಿ ಮಾಡಿ, ಅದರಂತೆ ವಿಸ್ತೀರ್ಣಗಳನ್ನೇ ತಿದ್ದಿದೆ. ಕೆಲಸ ಕೊಟ್ಟವರು ಒಂದೇ ಅಂಕಿ ಕೇಳಿದ್ದರು. ಇಷ್ಟರಿಂದ ಇಷ್ಟರವರೆಗೆ ಎಂದು ಬರೆದುಕೊಟ್ಟೆ. ಮುಖ ಗಂಟಿಕ್ಕಿದರು, ತೆಗೆದುಕೊಂಡರು.

ಹೊಸ ನಕ್ಷೆಯೊಂದಿಗೆ ಅದೇ ಜಗಲಿಗೆ ಹೋದೆ. ಹಿರಿಯರು ತಮ್ಮ ತೋಟದ ಮೇಲೆ ಬೆರಳಾಡಿಸಿ ತಲೆದೂಗಿದರು. ಬೆರಳು ಸ್ವಲ್ಪ ಕೆಳಗೆ ಬಂದು ನಿಂತಿತು.

“ಇದು ಗದ್ದೆ ಅಂತ ಬರೆದಿದ್ದೀಯ. ಹೋದ ವರ್ಷವೇ ಮಣ್ಣು ಹೊಡೆಸಿ ಅಡಿಕೆ ಸಸಿ ಇಟ್ಟಾಗಿದೆ.”

ಹೋಗಿ ನೋಡಿದೆ. ಸಸಿಗಳು ಮೊಣಕಾಲೆತ್ತರ. ಉಪಗ್ರಹದ ಕಣ್ಣಿಗೆ ತೋಟವಾಗಲು ಅವಕ್ಕೆ ಇನ್ನೂ ವರ್ಷಗಳು ಬೇಕು. ಸರ್ವೆ ನಂಬರ್ ಬರೆದುಕೊಂಡೆ.