ಹಾರುವ ಫ್ಯೂಸ್ ಹಿಂದಿನ ಕಾರಣ: ಹಳೆಯ ಪವರ್ ಆಂಪ್ಲಿಫೈಯರ್ ರಿಪೇರಿ ಮಾಡುವುದು ಹೇಗೆ?

1970–80ರ ದಶಕದ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್‌ಗಳನ್ನು ಇಂದಿಗೂ ರಿಪೇರಿ ಮಾಡಲು ಸಾಧ್ಯ. ಅವುಗಳ ಒಂದೊಂದು ಭಾಗವನ್ನೂ ಬೆಸುಗೆ ಬಿಡಿಸಿ ಹೊರತೆಗೆಯಬಹುದು, ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಕಡೆ ಬಿಡಿಭಾಗಗಳೂ ಸಿಗುತ್ತವೆ. ಇವುಗಳಲ್ಲಿ ಹೆಚ್ಚಾಗಿ ಕಾಣುವ ದೋಷವೆಂದರೆ ಸ್ವಿಚ್ ಹಾಕಿದೊಡನೆ ಫ್ಯೂಸ್ ಹಾರುವುದು. ಆಗ ಇನ್ನೊಂದು ಫ್ಯೂಸ್ ಹಾಕಿ ನೋಡುವುದು ವ್ಯರ್ಥ. ದಪ್ಪ ಫ್ಯೂಸ್ ಅಥವಾ ತಾಮ್ರದ ತಂತಿ ಸುತ್ತುವುದಂತೂ ಅಪಾಯಕರ, ಏಕೆಂದರೆ ಮುಂದಿನ ಸರದಿ ಟ್ರಾನ್ಸ್‌ಫಾರ್ಮರ್‌ನದು. ಇಡೀ ಯಂತ್ರದಲ್ಲಿ ಬದಲಿ ಸಿಗದ ಭಾಗವೆಂದರೆ ಬಹುಮಟ್ಟಿಗೆ ಅದೊಂದೇ.

ಮೊದಲು ಪ್ಲಗ್ ಕಿತ್ತು, ಸ್ಪೀಕರ್ ತಂತಿಗಳನ್ನು ಬಿಚ್ಚಿಡಿ. ಪ್ಲಗ್ ಕಿತ್ತ ನಂತರವೂ ದೊಡ್ಡ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ ವಿದ್ಯುತ್ ಉಳಿದಿರುತ್ತದೆ. ಅವುಗಳನ್ನು ಸ್ಕ್ರೂಡ್ರೈವರ್‌ನಿಂದ ಶಾರ್ಟ್ ಮಾಡಬಾರದು. 220 ಓಮ್, 5 ವಾಟ್‌ನ ರೆಸಿಸ್ಟರ್ ಒಂದಕ್ಕೆ ಇನ್ಸುಲೇಷನ್ ಇರುವ ತಂತಿಗಳನ್ನು ಬೆಸೆದು, ಪ್ರತಿ ಕೆಪಾಸಿಟರ್‌ನ ಎರಡು ತುದಿಗಳಿಗೂ ಸುಮಾರು 15 ಸೆಕೆಂಡು ಹಿಡಿದು, ವೋಲ್ಟೇಜ್ 1 ವೋಲ್ಟ್‌ಗಿಂತ ಕೆಳಗಿಳಿದಿದೆಯೇ ಎಂದು ಮೀಟರ್‌ನಲ್ಲಿ ನೋಡಿಯೇ ಮುಂದುವರಿಯಿರಿ.

ದೋಷವನ್ನು ಹುಡುಕುವ ಮುಖ್ಯ ಕೆಲಸವೆಲ್ಲ ವಿದ್ಯುತ್ ಇಲ್ಲದಿರುವಾಗಲೇ ನಡೆಯಬೇಕು. ಹೀಟ್ ಸಿಂಕ್ (ಶಾಖವನ್ನು ಹೊರಹಾಕುವ ಲೋಹದ ಫಲಕ) ಮೇಲೆ ಎರಡು ಸ್ಕ್ರೂಗಳಿಂದ ಬಿಗಿದಿರುವ, ಲೋಹದ ಟೋಪಿಯಂತೆ ಕಾಣುವ, ಸ್ಪೀಕರನ್ನು ನಡೆಸುವ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳು ಹಲವು ಸೆಟ್‌ಗಳಲ್ಲಿ 2ಎನ್3055 ಆಗಿರುತ್ತವೆ. ಟ್ರಾನ್ಸಿಸ್ಟರ್‌ಗೆ ಬೇಸ್, ಎಮಿಟರ್, ಕಲೆಕ್ಟರ್ ಎಂಬ ಮೂರು ತುದಿಗಳಿರುತ್ತವೆ; ಇದರಲ್ಲಿ ಲೋಹದ ಮೈಯೇ ಕಲೆಕ್ಟರ್. ಮಲ್ಟಿಮೀಟರನ್ನು ಡಯೋಡ್ ಸ್ಥಾನದಲ್ಲಿಟ್ಟು ಅಳೆದಾಗ ಬೇಸ್‌ನಿಂದ ಎಮಿಟರ್‌ಗೂ ಬೇಸ್‌ನಿಂದ ಕಲೆಕ್ಟರ್‌ಗೂ ಒಂದು ದಿಕ್ಕಿನಲ್ಲಿ ಮಾತ್ರ 0.5ರಿಂದ 0.7 ವೋಲ್ಟ್ ಕಾಣಬೇಕು. ಕಲೆಕ್ಟರ್ ಮತ್ತು ಎಮಿಟರ್ ನಡುವೆ ಸೊನ್ನೆ ಬಂದರೆ ಆ ಟ್ರಾನ್ಸಿಸ್ಟರ್ ಸತ್ತಿರುವ ಸಂಭವವೇ ಹೆಚ್ಚು. ಬಿಚ್ಚಿ ಹೊರಗೆ ಅಳೆದು ಖಚಿತಪಡಿಸಿಕೊಳ್ಳಿ.

ಇಲ್ಲಿಗೇ ನಿಲ್ಲಿಸಿ ಹೊಸ ಟ್ರಾನ್ಸಿಸ್ಟರ್ ಹಾಕಿದವರು ಅದನ್ನೂ ಕ್ಷಣಾರ್ಧದಲ್ಲಿ ಕಳೆದುಕೊಳ್ಳುತ್ತಾರೆ. ಔಟ್‌ಪುಟ್ ಟ್ರಾನ್ಸಿಸ್ಟರ್ ಸಾಯುವಾಗ ತನ್ನ ಎಮಿಟರ್ ರೆಸಿಸ್ಟರನ್ನೂ, ತನ್ನನ್ನು ನಡೆಸುವ ಡ್ರೈವರ್ ಟ್ರಾನ್ಸಿಸ್ಟರನ್ನೂ ಜೊತೆಗೆ ಕೊಂಡೊಯ್ಯುವುದು ಸಾಮಾನ್ಯ. ಬಯಾಸನ್ನು, ಅಂದರೆ ಹಾಡಿಲ್ಲದಾಗಲೂ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳಲ್ಲಿ ಹರಿಯುವ ಸಣ್ಣ ಕರೆಂಟನ್ನು, ಹತೋಟಿಯಲ್ಲಿಡುವ ಬಯಾಸ್ ಡಯೋಡ್ ಕಡಿದುಹೋಗಿರುವುದರಿಂದಲೇ ಅದು ಸತ್ತಿರಲೂಬಹುದು. ಆದ್ದರಿಂದ ಆ ಚಾನೆಲ್‌ನ ಒಂದೊಂದು ಟ್ರಾನ್ಸಿಸ್ಟರ್, ಡಯೋಡ್, ರೆಸಿಸ್ಟರನ್ನೂ ಅಳೆಯಬೇಕು. ಸ್ಟೀರಿಯೊ ಸೆಟ್ ಆಗಿದ್ದರೆ ನಿಮ್ಮ ಕೈಯಲ್ಲಿ ಅತ್ಯುತ್ತಮ ಮಾರ್ಗದರ್ಶಿಯೇ ಇದೆ: ಸರಿಯಿರುವ ಚಾನೆಲ್‌ನಲ್ಲಿ ಯಾವ ಬಿಂದುವಿನಲ್ಲಿ ಎಷ್ಟು ಬಂತೋ ಕೆಟ್ಟ ಚಾನೆಲ್‌ನ ಅದೇ ಬಿಂದುವಿನಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ಬರಬೇಕು. ಎರಡೂ ಅಂಕಿಗಳನ್ನು ಅಕ್ಕಪಕ್ಕ ಬರೆಯುತ್ತಾ ಹೋದರೆ, ಸರ್ಕ್ಯೂಟ್ ನಕ್ಷೆ ಇಲ್ಲದವರಿಗೂ ದೋಷದ ಜಾಗ ಗೋಚರಿಸುತ್ತದೆ.

ಬದಲಿ ಟ್ರಾನ್ಸಿಸ್ಟರ್ ಆರಿಸುವಾಗ ಧನ ಮತ್ತು ಋಣ ಸಪ್ಲೈಗಳ ಮೊತ್ತವನ್ನು ತಾಳುವಂಥದ್ದನ್ನೇ ತನ್ನಿ. 2ಎನ್3055ರ ಮಿತಿ 60 ವೋಲ್ಟ್. ಪ್ಲಸ್ ಮತ್ತು ಮೈನಸ್ 28 ವೋಲ್ಟ್‌ನ ಸೆಟ್‌ಗೆ ಅದು ಸಾಲುತ್ತದೆ, 35 ವೋಲ್ಟ್‌ನದಕ್ಕೆ ಸಾಲದು. ನಕಲಿಗಳೂ ಮಾರಾಟವಾಗುವುದರಿಂದ ಬೆಲೆ ನೋಡದೆ ನಂಬಿಕೆಯ ಅಂಗಡಿಯಲ್ಲೇ ಕೊಳ್ಳುವುದು ಲೇಸು. ಕೂರಿಸುವಾಗ ಟ್ರಾನ್ಸಿಸ್ಟರ್ ಮತ್ತು ಹೀಟ್ ಸಿಂಕ್ ನಡುವೆ ವಿದ್ಯುತ್ ಹರಿಯದಂತೆ ತಡೆಯುವ ಮೈಕಾ ಹಾಳೆಯ ಎರಡೂ ಬದಿಗೆ ತೆಳುವಾಗಿ ಹೀಟ್ ಸಿಂಕ್ ಪೇಸ್ಟ್ ಸವರಿ, ಸ್ಕ್ರೂ ಬಿಗಿದ ಮೇಲೆ ಟ್ರಾನ್ಸಿಸ್ಟರ್‌ನ ಮೈ ಹೀಟ್ ಸಿಂಕ್‌ಗೆ ತಗುಲಿಲ್ಲವೆಂಬುದನ್ನು ಮೀಟರ್‌ನಿಂದ ಪರೀಕ್ಷಿಸಿ.

ಈಗ ಮೊದಲ ಬಾರಿ ವಿದ್ಯುತ್ ಕೊಡಬೇಕು, ಆದರೆ ನೇರವಾಗಿ ಅಲ್ಲ. 60 ವಾಟ್‌ನ ಹಳೆಯ ಮಾದರಿಯ ತಂತುವಿನ ಬಲ್ಬನ್ನು ಫೇಸ್ ತಂತಿಗೆ ಸರಣಿಯಲ್ಲಿ ಜೋಡಿಸಿ. ಎಲ್‌ಇಡಿ ಬಲ್ಬ್ ಈ ಕೆಲಸಕ್ಕೆ ಬಾರದು. ಬಯಾಸ್ ಪ್ರಿಸೆಟ್ಟನ್ನು (ಬಯಾಸ್ ಹೊಂದಿಸುವ ಪುಟ್ಟ ತಿರುಗಣೆ) ಕನಿಷ್ಠಕ್ಕೆ ತಿರುಗಿಸಿಡಿ. ಸ್ವಿಚ್ ಹಾಕಿದಾಗ ಬಲ್ಬ್ ಒಮ್ಮೆ ಪ್ರಖರವಾಗಿ ಬೆಳಗಿ, ಕೆಪಾಸಿಟರ್‌ಗಳು ತುಂಬುತ್ತಿದ್ದಂತೆ ಮಂಕಾದರೆ ಶುಭಸೂಚನೆ. ಹಾಗೆಯೇ ಉರಿಯುತ್ತಿದ್ದರೆ ಒಳಗೆ ಇನ್ನೂ ಶಾರ್ಟ್ ಇದೆ. ಕೂಡಲೇ ಆರಿಸಿ, ಮತ್ತೆ ಅಳತೆಗೆ ಹಿಂದಿರುಗಿ. ಬಲ್ಬ್ ಯಂತ್ರವನ್ನು ಕಾಪಾಡುತ್ತದೆಯೇ ಹೊರತು ನಿಮ್ಮನ್ನು ಶಾಕ್‌ನಿಂದ ಕಾಪಾಡುವುದಿಲ್ಲ.

ಸ್ಪೀಕರ್ ಟರ್ಮಿನಲ್‌ಗಳ ನಡುವಿನ ಡಿಸಿ ವೋಲ್ಟೇಜ್ 50 ಮಿಲಿವೋಲ್ಟ್‌ನೊಳಗಿರುವುದು ಉತ್ತಮ. ಅಲ್ಲಿ ಸಪ್ಲೈನ 28 ವೋಲ್ಟ್ ಪೂರ್ತಿ ಕಾಣಿಸಿಕೊಂಡರೆ 8 ಓಮ್‌ನ ಸ್ಪೀಕರ್‌ಗೆ ಸುಮಾರು 98 ವಾಟ್ ಬರೀ ಶಾಖವಾಗಿ ಹರಿದು ಅದರೊಳಗಿನ ತಂತಿಸುರುಳಿ (ವಾಯ್ಸ್ ಕಾಯಿಲ್) ಸುಟ್ಟುಹೋಗುತ್ತದೆ. ಎಲ್ಲ ಸರಿಯಿದ್ದರೆ ಬಲ್ಬ್ ತೆಗೆದು, ನಿಗದಿತ ಫ್ಯೂಸ್ ಹಾಕಿ, ಬಯಾಸ್ ಹೊಂದಿಸಿ. 0.22 ಓಮ್‌ನ ಎಮಿಟರ್ ರೆಸಿಸ್ಟರ್ ಮೇಲೆ 5.5 ಮಿಲಿವೋಲ್ಟ್ ಬಂದರೆ 25 ಮಿಲಿಆಂಪಿಯರ್ ಹರಿಯುತ್ತಿದೆ ಎಂದರ್ಥ. ಸರ್ವಿಸ್ ಮ್ಯಾನುಯಲ್‌ನಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಪಾಲಿಸಿ. ಬಿಸಿಯಾದಂತೆ ಟ್ರಾನ್ಸಿಸ್ಟರ್‌ನ ಬೇಸ್–ಎಮಿಟರ್ ವೋಲ್ಟೇಜ್ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 2 ಮಿಲಿವೋಲ್ಟ್ ಇಳಿಯುವುದರಿಂದ, ಹೀಟ್ ಸಿಂಕ್‌ಗೆ ಅಂಟಿಸಿದ್ದ ಬಯಾಸ್ ಡಯೋಡ್ ಕಳಚಿದ್ದರೆ ಕರೆಂಟ್ ಏರುತ್ತಲೇ ಹೋಗುತ್ತದೆ. ಆದಕಾರಣ 20 ನಿಮಿಷ ಬಿಟ್ಟು ಮತ್ತೊಮ್ಮೆ ಅಳೆಯಿರಿ.

ಉಳಿದ ದೋಷಗಳು ಇಷ್ಟು ಕಾಡುವುದಿಲ್ಲ. ವಾಲ್ಯೂಮ್ ತಿರುಗಿಸುವಾಗ ಕರಕರ ಸದ್ದು ಬಂದರೆ ಕಾಂಟ್ಯಾಕ್ಟ್ ಕ್ಲೀನರ್ ಸಾಕು. ತಟ್ಟಿದಾಗ ಧ್ವನಿ ಬಂದುಹೋಗುತ್ತಿದ್ದರೆ ಬಿರುಕುಬಿಟ್ಟ ಬೆಸುಗೆಯನ್ನು ಹುಡುಕಿ. ಸದಾ ಗುಂಯ್‌ಗುಡುತ್ತಿದ್ದರೆ ಫಿಲ್ಟರ್ ಕೆಪಾಸಿಟರ್‌ಗಳು ಒಣಗಿರಬಹುದು. ಹಳೆಯ ಸೆಟ್ ಎಂದೊಡನೆ ಎಲ್ಲ ಕೆಪಾಸಿಟರ್‌ಗಳನ್ನೂ ಒಂದೇ ಪಟ್ಟಿಗೆ ಬದಲಿಸುವ ರೂಢಿಯನ್ನು ನಾನು ಒಪ್ಪುವುದಿಲ್ಲ. ಒಂದನ್ನು ತಿರುವುಮುರುವಾಗಿ ಬೆಸೆದರೂ ಹಳೆಯ ದೋಷದ ಮೇಲೆ ಹೊಸದೊಂದು ಸೇರಿ, ಯಾವುದು ಯಾವುದೆಂದು ತಿಳಿಯದಾಗುತ್ತದೆ. ಮೊದಲು ಸೆಟ್ ನಡೆಯಲಿ, ಅನಂತರ ಒಂದೊಂದಾಗಿ ಬದಲಿಸಿ.

ಕೊನೆಯದಾಗಿ, ಹೋದರೂ ಚಿಂತೆಯಿಲ್ಲದ ಹಳೆಯ ಸ್ಪೀಕರ್ ಒಂದನ್ನು ಜೋಡಿಸಿ ಅರ್ಧ ಗಂಟೆ ಹಾಡಿಸಿ, ಡಿಸಿ ವೋಲ್ಟೇಜ್ ಮತ್ತು ಬಯಾಸ್ ಎರಡನ್ನೂ ಪುನಃ ಅಳೆದ ನಂತರವೇ ನಿಮ್ಮ ಒಳ್ಳೆಯ ಸ್ಪೀಕರ್‌ಗಳನ್ನು ಜೋಡಿಸಿ.