ಸುಳ್ಳು ಸ್ಯಾಂಪಲ್ ಕಳಿಸಿ ನಮ್ಮ ಲ್ಯಾಬ್ ಬಳಗವನ್ನು ಅಳೆದದ್ದು: ನನ್ನ ಅನುಭವ

ಶಿವಮೊಗ್ಗ ಜಿಲ್ಲೆಯಲ್ಲಿ ನಮ್ಮದೊಂದು ಲ್ಯಾಬ್ ಟೆಕ್ನಿಷಿಯನ್‌ಗಳ ಬಳಗ ಇದೆ. ಸರ್ಕಾರಿಯವರೂ ಇದ್ದಾರೆ, ಖಾಸಗಿಯವರೂ ಇದ್ದಾರೆ. ವರ್ಷಕ್ಕೆ ಎರಡು ಮೂರು ತರಬೇತಿ ಆಗುತ್ತದೆ. ಮಂಗನ ಕಾಯಿಲೆ ಸೀಸನ್ ಶುರುವಾಗುವ ಮುಂಚೆ ತುರ್ತು ತಯಾರಿ ಅಂತ ಒಂದು ದಿನದ ಸಭೆ. ಊಟ, ಸರ್ಟಿಫಿಕೇಟ್, ಗ್ರೂಪ್ ಫೋಟೋ ಎಲ್ಲ ಇರುತ್ತದೆ. ಕೊನೆಯಲ್ಲಿ ಫೀಡ್‌ಬ್ಯಾಕ್ ಫಾರ್ಮ್. ಹತ್ತರಲ್ಲಿ ಒಂಬತ್ತು ಜನ ‘ಅತ್ಯುತ್ತಮ’ಕ್ಕೆ ಟಿಕ್ ಹಾಕಿ ಬಸ್ಸಿಗೆ ಓಡುತ್ತಾರೆ. ಆ ಟಿಕ್ ಊಟಕ್ಕೋ ಪಾಠಕ್ಕೋ ಅಂತ ಯಾರೂ ಕೇಳುವುದಿಲ್ಲ.

ಈ ಬಳಗದಿಂದ ನಿಜವಾಗಿ ಏನು ಉಪಯೋಗ ಆಗುತ್ತಿದೆ ಅಂತ ಅಳೆಯಬೇಕು ಅಂದೆ. ಹಿರಿಯರೊಬ್ಬರು ನಕ್ಕರು. ‘ಫಾರ್ಮ್ ಎಲ್ಲ ಎಕ್ಸಲೆಂಟ್ ಬಂದಿದೆ, ಇನ್ನೇನಪ್ಪಾ ನಿಂದು?’ ಇನ್ನೊಬ್ಬರು ಇದು ಪೊಲೀಸ್ ಕೆಲಸ ಅಂದರು. ದುಡ್ಡು ಕೇಳಿದಾಗಂತೂ ಸಭೆಯಲ್ಲಿ ಎಲ್ಲರೂ ಫೋನ್ ನೋಡಿಕೊಂಡರು. ಈಗ ಅದೇ ಜನ ‘ನಮ್ಮ ತಾಲ್ಲೂಕಿನ ಗ್ರಾಫ್ ಕಳಿಸಿ’ ಅಂತ ಮೆಸೇಜ್ ಹಾಕುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕೆಎಫ್‌ಡಿ, ಅಂದರೆ ಇದೇ ಮಂಗನ ಕಾಯಿಲೆ, ಅದರ ಬಗ್ಗೆ ನಿಮಗೆ ಪಾಠ ಬೇಕಿಲ್ಲ. 1957ರಲ್ಲಿ ನಮ್ಮ ಸೊರಬದ ಕ್ಯಾಸನೂರು ಕಾಡಿನಿಂದಲೇ ಜಗತ್ತಿಗೆ ಗೊತ್ತಾದ ರೋಗ. ಉಣ್ಣೆ ಹುಳ (ಉಣುಗು) ಕಚ್ಚಿ ಬರುತ್ತದೆ, ಲ್ಯಾಬಿನಲ್ಲಿ ಕೆಲಸ ಮಾಡುವವರಿಗೂ ತಗುಲಿದ ದಾಖಲೆ ಇದೆ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಕಡೆ ಇದು ಜೋರಾಗಿ ಹಬ್ಬಿದ್ದು ಎಲ್ಲರಿಗೂ ನೆನಪಿದೆ. ಆಮೇಲೆ ತರಬೇತಿಗಳು ಜಾಸ್ತಿಯಾದವು. ಕೆಲಸ ಎಷ್ಟು ಬದಲಾಯಿತು ಅನ್ನುವುದು ನನ್ನ ಪ್ರಶ್ನೆ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ತರಬೇತಿಗೆ ಮುಂಚೆ ಹತ್ತು ಪ್ರಶ್ನೆ, ಮುಗಿದ ಮೇಲೆ ಅದೇ ಹತ್ತು ಪ್ರಶ್ನೆ. ಮುಂಚೆ ಸರಾಸರಿ ಐದು, ಆಮೇಲೆ ಎಂಟೂವರೆ. ಎಲ್ಲರಿಗೂ ಖುಷಿ. ಮೂರು ತಿಂಗಳು ಬಿಟ್ಟು ಒಬ್ಬೊಬ್ಬರ ಬೆಂಚಿಗೇ ಹೋಗಿ ಅದನ್ನೇ ಕೇಳಿದರೆ ಮತ್ತೆ ಐದೂಮುಕ್ಕಾಲು. ‘ಹೇಳಬೇಡಿ, ಮಾಡಿ ತೋರಿಸಿ’ ಅಂದರೆ ಇನ್ನೂ ಕಡಿಮೆ. ಕಿರ್ಕ್‌ಪ್ಯಾಟ್ರಿಕ್ ಅನ್ನುವವರು 1959ರಲ್ಲೇ ತರಬೇತಿ ಅಳೆಯಲು ನಾಲ್ಕು ಮೆಟ್ಟಿಲು ಹಾಕಿಕೊಟ್ಟಿದ್ದಾರೆ: ಇಷ್ಟ ಆಯ್ತಾ, ಕಲಿತರಾ, ಕೆಲಸದಲ್ಲಿ ಮಾಡ್ತಾರಾ, ಫಲ ಬಂತಾ. ನಾವು ಮೊದಲ ಮೆಟ್ಟಿಲಲ್ಲೇ ಕೂತು ಫೋಟೋ ತೆಗೆಸಿಕೊಳ್ಳುತ್ತಿದ್ದೆವು.

ಹಾಗಾಗಿ ಸುಳ್ಳು ಸ್ಯಾಂಪಲ್. ಪ್ಲೇನ್ ವಯಲ್‌ನಲ್ಲಿ (ಒಳಗೆ ಯಾವ ರಾಸಾಯನಿಕವೂ ಇಲ್ಲದ ಟ್ಯೂಬ್) ನಾರ್ಮಲ್ ಸಲೈನ್, ಅಂದರೆ ಉಪ್ಪುನೀರು, ಅದಕ್ಕೆ ಎರಡು ಹನಿ ಕೇಸರಿ ಬಣ್ಣ. ಜೊತೆಗೊಂದು ಚೀಟಿ: ನಾಲ್ಕು ದಿನದ ಜ್ವರ, ಮೈಕೈ ನೋವು, ಸೊಪ್ಪು ತರಲು ಕಾಡಿಗೆ ಹೋಗಿದ್ದ, ಸತ್ತ ಮಂಗ ನೋಡಿದ್ದ. ವಾರ್ಡಿನ ಸಿಸ್ಟರ್ ಮೂಲಕ ಲ್ಯಾಬಿಗೆ ತಲುಪಿಸುವುದು. ಟೆಕ್ನಿಷಿಯನ್‌ಗೆ ಗೊತ್ತಿರುವುದಿಲ್ಲ. ಆಸ್ಪತ್ರೆಯ ವೈದ್ಯರಿಗೆ ಮಾತ್ರ ಮೊದಲೇ ಹೇಳಿ ಒಪ್ಪಿಗೆ ತಗೊಂಡಿರುತ್ತೇನೆ. ಆ ದಿನದ ನಿಜವಾದ ಸ್ಯಾಂಪಲ್‌ಗಳು ಹೊರಟ ಮೇಲೇ ನನ್ನದು. ರೋಗಿಯ ಕೆಲಸಕ್ಕೆ ಅಡ್ಡ ಬರಬಾರದು ಅನ್ನುವ ಷರತ್ತು ನಾನೇ ಹಾಕಿಕೊಂಡೆ. ಇಬ್ಬರು ವೈದ್ಯರು ಸುತರಾಂ ಒಪ್ಪಲಿಲ್ಲ, ಅವರ ಆಸ್ಪತ್ರೆ ಬಿಟ್ಟೆ.

ನೋಡುವುದು ನಾಲ್ಕೇ ವಿಷಯ. ಫಾರ್ಮ್ ಪೂರ್ತಿ ಇದೆಯಾ, ಒಂದರೊಳಗೊಂದು ಮೂರು ಪದರದ ಪ್ಯಾಕಿಂಗ್ ಸರಿ ಇದೆಯಾ, ದಾರಿಯಲ್ಲಿ ಸ್ಯಾಂಪಲ್ ಸಾಗಿಸುವ ತಂಪು ಡಬ್ಬಿಯೊಳಗೆ ಎಷ್ಟು ಡಿಗ್ರಿ ಇತ್ತು, ಶಿವಮೊಗ್ಗದ ಲ್ಯಾಬ್ ಸೇರಲು ಎಷ್ಟು ಹೊತ್ತಾಯಿತು.

ಮೊದಲ ಸುತ್ತು ಅರ್ಧಕ್ಕೇ ನಿಂತಿತು. ಒಂದು ತಾಲ್ಲೂಕಿನಲ್ಲಿ ಟ್ಯೂಬ್ ಕೊಟ್ಟು ಹೊರಗೆ ಬಂದು ಚಹಾ ಕುಡಿಯುತ್ತಿದ್ದೆ. ಅಷ್ಟರಲ್ಲಿ ಮೂರು ತಾಲ್ಲೂಕು ಆಚೆಯಿಂದ ಫೋನ್. ‘ಸರ್, ನಮ್ಮಲ್ಲಿಗೆ ಯಾವಾಗ ಬರ್ತೀರಾ? ಬಣ್ಣದ ನೀರು ತರ್ತೀರಂತೆ!’ ಹೊಸ ಫಾರ್ಮ್ ಬಂದ ಸುದ್ದಿ ತಲುಪಲು ಆರು ತಿಂಗಳು ತಗೊಂಡ ಬಳಗ ಇದು. ನಾನು ಬಂದ ಸುದ್ದಿ ಕಾಲು ಗಂಟೆಯಲ್ಲಿ ಜಿಲ್ಲೆ ಸುತ್ತಿತ್ತು. ಬೈದುಕೊಂಡು ಮನೆಗೆ ಬಂದೆ. ರಾತ್ರಿ ಕೂತು ಯೋಚಿಸಿದರೆ, ಬಳಗದ ನರ ಎಲ್ಲಿದೆ ಅಂತ ತೋರಿಸಿದ್ದೇ ಈ ಘಟನೆ. ಸುದ್ದಿ ಯಾರಿಂದ ಯಾರಿಗೆ ಹೋಯಿತು ಅಂತ ಒಬ್ಬೊಬ್ಬರನ್ನೇ ಕೇಳುತ್ತಾ ಹೋದೆ.

ಅದರಿಂದಲೇ ಎರಡನೇ ಅಳತೆ ಹುಟ್ಟಿತು. ಎಲ್ಲರಿಗೂ ಒಂದೇ ಪ್ರಶ್ನೆ: ‘ಕೊನೇ ಸಲ ಕೆಲಸದಲ್ಲಿ ಸಿಕ್ಕಿಹಾಕಿಕೊಂಡಾಗ ಯಾರಿಗೆ ಫೋನ್ ಮಾಡಿದ್ರಿ?’ ನಲವತ್ತಕ್ಕೂ ಹೆಚ್ಚು ಜನ ಉತ್ತರ ಕೊಟ್ಟರು. ದೊಡ್ಡ ಹಾಳೆಯ ಮೇಲೆ ಹೆಸರು ಬರೆದು ಬಾಣ ಎಳೆದೆ. ನಮ್ಮ ಅಧಿಕೃತ ಸಂಯೋಜಕರಿಗೆ ಬಂದದ್ದು ಎರಡೋ ಮೂರೋ ಬಾಣ. ಸಾಗರದ ಕಡೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದ ಟೆಕ್ನಿಷಿಯನ್ ಒಬ್ಬರಿಗೆ ಹದಿನಾಲ್ಕು. ಆಕೆ 2019ರಲ್ಲಿ ಹಗಲು ರಾತ್ರಿ ಸ್ಯಾಂಪಲ್ ಪ್ಯಾಕ್ ಮಾಡಿದವರು. ತರಬೇತಿಯಲ್ಲಿ ಅವರನ್ನು ಯಾರೂ ವೇದಿಕೆಗೆ ಕರೆದಿರಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂತು ನಮ್ಮ ಸ್ಲೈಡ್ ನೋಡುತ್ತಿದ್ದರು. ಇನ್ನೂ ಒಂದು ಕಂಡಿತು. ಹೊಸನಗರದ ಒಂದಿಡೀ ಭಾಗ ಒಬ್ಬನೇ ಹುಡುಗನ ಮೂಲಕ ಉಳಿದವರಿಗೆ ಅಂಟಿಕೊಂಡಿತ್ತು. ಗುತ್ತಿಗೆ ಮೇಲೆ ಇದ್ದ ಅವನು ಆ ವರ್ಷವೇ ಕೆಲಸ ಬಿಟ್ಟ. ಬಾಣಗಳೆಲ್ಲ ತುಂಡು. ಹಾಜರಿ ಪುಸ್ತಕ ನೋಡಿದ್ದರೆ ಇದು ಯಾವ ಜನ್ಮಕ್ಕೂ ತಿಳಿಯುತ್ತಿರಲಿಲ್ಲ.

ಡಬ್ಬಿಯ ಕಥೆಗೆ ಬರೋಣ. ಅಲ್ಲೇ ದುಡ್ಡು ಹೋದದ್ದು. ಡಬ್ಬಿಯೊಳಗಿನ ತಾಪಮಾನ ಬರೆದಿಡುವ ಡೇಟಾ ಲಾಗರ್ ಒಂದಕ್ಕೆ ಮೂರು ಸಾವಿರದ ಹತ್ತಿರ. ನಾಲ್ಕು ತಗೊಂಡೆ. ಒಂದು ಎರಡನೇ ವಾರದಲ್ಲೇ ಡಬ್ಬಿ ಸಮೇತ ಕಳೆದುಹೋಯಿತು. ಯಾವುದೋ ಬಸ್ಸಿನಲ್ಲಿ ಇನ್ನೂ ಡಿಗ್ರಿ ಬರೆಯುತ್ತಾ ಕೂತಿರಬೇಕು.

ನಮ್ಮ ಕಡೆ ತುರ್ತಿಗೆ ಆಂಬುಲೆನ್ಸ್, ಜೀಪು ಸಿಗದಿದ್ದರೆ ಬಸ್ಸೇ ಗತಿ, ಅಲ್ವಾ. ಕಂಡಕ್ಟರ್ ಕೈಗೆ ಡಬ್ಬಿ, ಡಿಪೋದಲ್ಲಿ ಒಬ್ಬರು ಇಳಿಸಿಕೊಳ್ಳುವುದು. ಸಾಗರದಿಂದ ಶಿವಮೊಗ್ಗಕ್ಕೆ ಎಪ್ಪತ್ತು ಕಿಲೋಮೀಟರ್ ಚಿಲ್ಲರೆ, ಎರಡು ಗಂಟೆ ದಾರಿ, ಡಬ್ಬಿ ತಡೆಯಬೇಕು ಅಂತಲೇ ಎಲ್ಲರ ನಂಬಿಕೆ. ಗ್ರಾಫ್ ತೆಗೆದು ನೋಡಿದರೆ ಆನಂದಪುರ ದಾಟುವಾಗ 9 ಡಿಗ್ರಿ, ಕುಂಸಿ ಹತ್ತಿರ 14, ಆಯನೂರಿನಲ್ಲಿ 17. ಇರಬೇಕಾದದ್ದು 2ರಿಂದ 8. ಮುಂದಿನ ಸಲ ಅದೇ ಬಸ್ಸಿನಲ್ಲಿ ನಾನೇ ಕೂತೆ. ಡಬ್ಬಿ ಡ್ರೈವರ್ ಪಕ್ಕ ಎಂಜಿನ್ ಬಾನೆಟ್ ಮೇಲೆ! ‘ಜೋಪಾನವಾಗಿರಲಿ ಅಂತ ಎದುರಿಗೇ ಇಟ್ಕೊಂಡಿದೀನಿ ಸಾರ್’ ಅಂದರು ಪಾಪ. ಒಂದು ಸ್ಟಿಕ್ಕರ್ ಮಾಡಿಸಿದೆವು. ‘ಬಾನೆಟ್ ಮೇಲೆ ಇಡಬೇಡಿ’ ಅಂತ ದೊಡ್ಡ ಕನ್ನಡ ಅಕ್ಷರ. ನೂರು ಸ್ಟಿಕ್ಕರ್‌ಗೆ ನಾನ್ನೂರು ರೂಪಾಯಿ. ಮೂರು ವರ್ಷದ ತರಬೇತಿ ಮಾಡದ್ದನ್ನು ಅದು ಮಾಡಿತು.

ಇದಕ್ಕೆ ಉಲ್ಟಾ ತೊಂದರೆಯೂ ಇತ್ತು. ತೀರ್ಥಹಳ್ಳಿ ಕಡೆಯ ಒಂದು ಡಬ್ಬಿ ಸೊನ್ನೆಗಿಂತ ಕೆಳಗೆ ಹೋಗಿತ್ತು. ಫ್ರೀಜರ್‌ನಿಂದ ತೆಗೆದ ಐಸ್ ಪ್ಯಾಕನ್ನು ಹಾಗೇ ಟ್ಯೂಬಿಗೆ ಒತ್ತಿ ಇಟ್ಟಿದ್ದರು. ಇದರಿಂದ ಏನಾಗುತ್ತದೆ ಅಂತ ತೋರಿಸಲು ನನ್ನದೇ ರಕ್ತ ತೆಗೆದು ಎರಡು ವಯಲ್ ಮಾಡಿದೆ. ಒಂದನ್ನು ಹಾಗೇ ಒತ್ತಿ ಇಟ್ಟೆ. ಇನ್ನೊಂದಕ್ಕೆ ಐಸ್ ಪ್ಯಾಕ್ ಹೊರಗಿಟ್ಟು ಬೆವರಲು ಬಿಟ್ಟು, ಅಲ್ಲಾಡಿಸಿದರೆ ಒಳಗೆ ನೀರಿನ ಸದ್ದು ಕೇಳಿದ ಮೇಲೆ ಇಟ್ಟೆ. ಮೂರು ಗಂಟೆ ಬಿಟ್ಟು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಸೀರಂ, ಅಂದರೆ ರಕ್ತದ ತಿಳಿ ಭಾಗ, ಬೇರೆ ಮಾಡಿದೆ. ಮೊದಲನೆಯದರ ಸೀರಂ ದಾಸವಾಳದ ಬಣ್ಣ, ರಕ್ತಕಣ ಒಡೆದು ಪೂರ್ತಿ ಹಿಮೋಲೈಸ್. ಎರಡನೆಯದು ತಿಳಿ ಹಳದಿ. ಎರಡೂ ಟ್ಯೂಬು ಪಕ್ಕಪಕ್ಕ ಹಿಡಿದು ತೋರಿಸಿದೆ. ಲಸಿಕೆ ಹಾಕುವ ಸಿಸ್ಟರ್‌ಗಳಿಗೆ ಈ ‘ಕಂಡೀಷನಿಂಗ್’ ಬಾಯಿಪಾಠ. ಅದೇ ಕಟ್ಟಡದ ಲ್ಯಾಬಿಗೆ ಅದು ದಾಟಿ ಬಂದಿರಲಿಲ್ಲ.

ಡಬ್ಬಿಯ ಗೋಡೆಗೆ ಒಳಗಿನಿಂದ ಏನು ಹಾಕಿದರೆ ತಂಪು ಜಾಸ್ತಿ ಹೊತ್ತು ನಿಲ್ಲುತ್ತದೆ ಅಂತಲೂ ನೋಡಿದೆ. ಒಣ ಅಡಿಕೆ ಸಿಪ್ಪೆ ತುಂಬಿದೆ. ಸುಮ್ನೆ ಥರ್ಮೋಕೋಲ್‌ಗಿಂತ ಒಂದು ಗಂಟೆ ಜಾಸ್ತಿ ಬಂತು, ಬಹಳ ಹೆಮ್ಮೆಯಾಯಿತು. ಜುಲೈ ಮಳೆಗೆ ಸಿಪ್ಪೆಗೆ ಬೂಷ್ಟು ಹಿಡಿಯಿತು. ‘ಇದನ್ನು ಲ್ಯಾಬ್ ಒಳಗೆ ತಂದ್ರೆ ನೋಡಿ’ ಅಂತ ಮೇಡಂ ಗದರಿದರು. ಈಗ ಬೇರೆ ಒಂದು ವಸ್ತು ಹಾಕುತ್ತೇನೆ. ಐದು ಗಂಟೆ ಆರಾಮಾಗಿ 8ರ ಒಳಗೆ ನಿಲ್ಲುತ್ತದೆ. ಅದೇನು ಅಂತ ಇಲ್ಲಿ ಬರೆಯುವುದಿಲ್ಲ. ಬೇಕಿದ್ದವರು ಬಂದು ಡಬ್ಬಿ ಬಿಚ್ಚಿ ನೋಡಲಿ. ಅಣಕು ಸ್ಯಾಂಪಲ್ ಕಳಿಸುವ ದಿನ ಹೇಗೆ ಆರಿಸುತ್ತೇನೆ ಅನ್ನುವುದೂ ಗುಟ್ಟೇ. ಗೊತ್ತಾದರೆ ಅಳತೆಯೇ ಸತ್ತಿತು.

ಪಿಪಿಇ, ಅಂದರೆ ಗ್ಲೌಸ್, ಗೌನ್‌ನಂಥ ರಕ್ಷಣಾ ಉಡುಪು, ಕಳಚುವುದನ್ನೂ ನೋಡಿದೆವು. ಕೊಳೆ ಎಲ್ಲೆಲ್ಲಿ ಅಂಟಿತು ಅಂತ ತೋರಿಸುವ ಹೊಳೆಯುವ ತರಬೇತಿ ಪುಡಿ ಹೊರಗಿನಿಂದ ತರಿಸಿದರೆ ಸಿಕ್ಕಾಪಟ್ಟೆ ರೇಟು. ಅರಿಶಿನವೂ ನೇರಳಾತೀತ ಬೆಳಕಿಗೆ ಹೊಳೆಯುತ್ತದೆ. ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಗ್ಲೌಸ್‌ಗೆ ಹಚ್ಚಿದೆ. ನೋಟು ಪರೀಕ್ಷಿಸುವ ಟಾರ್ಚ್ ಗಾಂಧಿ ಬಜಾರಿನಲ್ಲಿ ನೂರೈವತ್ತಕ್ಕೆ ಸಿಕ್ಕಿತು. ಕಳಚಿ ಮುಗಿಸಿ ದೀಪ ಆರಿಸಿದರೆ ಕತ್ತಿನ ಮೇಲೆ, ಕನ್ನಡಕದ ಕಡ್ಡಿಯ ಮೇಲೆ, ಎಲ್ಲಕ್ಕಿಂತ ಜಾಸ್ತಿ ಮೊಬೈಲ್ ಹಿಂಭಾಗದಲ್ಲಿ ಹಳದಿ ಹಸಿರು ಹೊಳಪು. ಒಬ್ಬರ ಬಿಳಿ ಅಂಗಿ ಹಾಳಾಯಿತು, ಅದರ ದುಡ್ಡೂ ನನ್ನ ಲೆಕ್ಕಕ್ಕೇ ಬಂತು.

ಫಾರ್ಮ್‌ನಲ್ಲಿ ಅತಿ ಹೆಚ್ಚು ಖಾಲಿ ಬಿಟ್ಟದ್ದು ಜ್ವರ ಶುರುವಾದ ದಿನಾಂಕ. ಮೊದಲ ಸುತ್ತಿನಲ್ಲಿ ಅರ್ಧಕ್ಕಿಂತ ಜಾಸ್ತಿ ಫಾರ್ಮ್‌ಗಳಲ್ಲಿ ಇರಲಿಲ್ಲ. ಅದಿಲ್ಲದಿದ್ದರೆ ವೈರಸ್ ಹುಡುಕುವ ಪಿಸಿಆರ್ ಮಾಡಬೇಕಾ, ಪ್ರತಿಕಾಯ ಹುಡುಕುವ ಐಜಿಎಂ ಎಲಿಸಾ ಮಾಡಬೇಕಾ ಅಂತ ಮುಂದಿನ ಲ್ಯಾಬಿನವರು ತಲೆ ಕೆರೆದುಕೊಳ್ಳಬೇಕು. ಮೊದಲ ದಿನಗಳಲ್ಲಿ ವೈರಸ್ ಸಿಗುತ್ತದೆ, ಕಳೆದಂತೆ ಪ್ರತಿಕಾಯ ಸಿಗುತ್ತದೆ. ದಿನಾಂಕ ಗೊತ್ತಿಲ್ಲ ಅಂದರೆ ಎರಡೂ ಮಾಡು, ಎರಡರ ಖರ್ಚೂ ಹಾಕು. ಇದಕ್ಕೆ ತರಬೇತಿ ಬೇಕಾಗಲೇ ಇಲ್ಲ. ಫಾರ್ಮ್ ನೋಡಿದರೆ ಆ ಕಾಲಂ ಎರಡನೇ ಪುಟದ ಕೆಳಗೆ ಮೂಲೆಯಲ್ಲಿತ್ತು. ರೋಗಿಯ ಹೆಸರಿನ ಪಕ್ಕಕ್ಕೇ ಒಂದು ರಬ್ಬರ್ ಸ್ಟಾಂಪ್ ಒತ್ತಲು ಶುರು ಮಾಡಿದೆವು. ಸ್ಟಾಂಪ್ ಒಂದಕ್ಕೆ ನೂರಿಪ್ಪತ್ತು ರೂಪಾಯಿ. ಈಗ ಹತ್ತರಲ್ಲಿ ಒಂಬತ್ತು ಫಾರ್ಮ್‌ನಲ್ಲಿ ದಿನಾಂಕ ಇರುತ್ತದೆ.

ರಾತ್ರಿ ಫೋನ್ ಪರೀಕ್ಷೆಗೆ ಬೈಗುಳ ಜಾಸ್ತಿ ತಿಂದೆ. ತುರ್ತು ಪಟ್ಟಿಯ ನಂಬರ್‌ಗಳಿಗೆ ಹನ್ನೊಂದು ಗಂಟೆಗೆ ಕರೆ. ಮೂರರಲ್ಲಿ ಒಂದು ಸಿಗಲಿಲ್ಲ. ಕೆಲವು ಸ್ವಿಚ್ ಆಫ್, ಕೆಲವು ವರ್ಗವಾಗಿ ಹೋದವರದು, ಒಂದು ನಂಬರ್ ದಾವಣಗೆರೆಯ ಗ್ಯಾಸ್ ಏಜೆನ್ಸಿಯದು. ಹೊಸನಗರ ತಾಲ್ಲೂಕಿನ ನಗರ, ನಿಟ್ಟೂರು ಊರುಗಳ ಕಡೆ ಕರೆಂಟ್ ಹೋದರೆ ಟವರೂ ಹೋಗುತ್ತದೆ. ಅಲ್ಲಿ ವಾಟ್ಸಾಪ್ ನಂಬಿ ಕೂತರೆ ಬೆಳಗಾಗುತ್ತದೆ. ಈಗ ಆ ಕಡೆಯ ಪ್ರತಿಯೊಬ್ಬರಿಗೂ ಪಕ್ಕದ ಮನೆಯವರ ಲ್ಯಾಂಡ್‌ಲೈನೋ, ಸೊಸೈಟಿಯ ನಂಬರೋ ಒಂದು ಬರೆದಿಟ್ಟಿದ್ದೇವೆ.

ಒಟ್ಟು ಖರ್ಚು ನಲವತ್ತು ಸಾವಿರದ ಆಸುಪಾಸು, ಪೆಟ್ರೋಲ್ ಸೇರಿ. ಬಳಗದಿಂದ ಬಂದದ್ದು ಹನ್ನೆರಡು ಸಾವಿರ, ಅದೂ ಮೂರನೇ ಸುತ್ತಿನ ಮೇಲೆ. ಉಳಿದದ್ದು ಮನೆಯ ದುಡ್ಡು. ಆ ವರ್ಷ ವಾಷಿಂಗ್ ಮೆಷಿನ್ ತಗೊಳ್ಳಲಿಲ್ಲ, ಮಾತು ಇವತ್ತಿಗೂ ಕೇಳುತ್ತೇನೆ. ಹೋಲಿಸಿ ನೋಡಿ, ಒಂದು ದಿನದ ತರಬೇತಿಗೆ ಹಾಲ್, ಊಟ, ಬ್ಯಾಗ್ ಅಂತ ಅದಕ್ಕಿಂತ ಜಾಸ್ತಿ ಹೋಗುತ್ತದೆ.

ಫಲ ಏನು ಅಂದರೆ, ಮೊದಲ ಸುತ್ತಿನಲ್ಲಿ ಸ್ಯಾಂಪಲ್ ಶಿವಮೊಗ್ಗ ಸೇರಲು ಸುಮಾರು ಒಂದೂವರೆ ದಿನ ಹಿಡಿಯುತ್ತಿತ್ತು. ಕೊನೇ ಸುತ್ತಿನಲ್ಲಿ ಹೆಚ್ಚಿನವು ಏಳೆಂಟು ಗಂಟೆಯಲ್ಲಿ ಬಂದವು. ತಾಪಮಾನ ಸರಿ ಇದ್ದದ್ದು ಮೂರರಲ್ಲಿ ಒಂದು, ಈಗ ಐದರಲ್ಲಿ ನಾಲ್ಕು. ಶರಾವತಿ ಹಿನ್ನೀರಿನ ಆಚೆಯ ತುಮರಿ ಕಡೆಯ ಲೆಕ್ಕವನ್ನು ಇದಕ್ಕೆ ಸೇರಿಸಿಲ್ಲ. ಮುಂಚೆ ಸಂಜೆ ಲಾಂಚ್ ನಿಂತರೆ ಡಬ್ಬಿ ಬೆಳಗಿನವರೆಗೆ ಆಚೆ ದಡದಲ್ಲೇ. 2025ರ ಜುಲೈಯಲ್ಲಿ ಸಿಗಂದೂರು ಸೇತುವೆ ತೆರೆದ ಮೇಲೆ ಆ ಹೊತ್ತು ತಾನಾಗೇ ಇಳಿಯಿತು. ಸೇತುವೆಯ ಪುಣ್ಯವನ್ನು ನಮ್ಮ ತರಬೇತಿಯ ಖಾತೆಗೆ ಬರೆಯುವುದು ನ್ಯಾಯ ಅಲ್ಲ. ಬಳಗದ ವರದಿಯಲ್ಲಿ ಅದನ್ನೂ ಸೇರಿಸಿ ಅಂತ ಒತ್ತಾಯ ಬಂತು. ಸೇರಿಸಲಿಲ್ಲ.

ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯವರು 1999ರಲ್ಲಿ ಲ್ಯಾಬುಗಳ ಇಂಥದ್ದೇ ಒಂದು ತುರ್ತು ಜಾಲ ಕಟ್ಟಿದರು. ಅದರಲ್ಲಿ ಕೆಳಗಿನ ಲ್ಯಾಬಿಗೆ ಕೆಲಸ ಇಷ್ಟೇ: ಅನುಮಾನ ಬಂದರೆ ಗುರುತಿಸು, ನಿನ್ನಿಂದ ಆಗದ್ದನ್ನು ಬೇಗ ಮೇಲೆ ಕಳಿಸು. ನಮ್ಮ ಪ್ರಾಥಮಿಕ ಕೇಂದ್ರದವರಿಗೆ ಪಿಸಿಆರ್ ತತ್ವ ಎರಡು ಗಂಟೆ ಕೊರೆಯುವುದನ್ನು ನಿಲ್ಲಿಸಿ ಅಂತ ನಾನು ವಾದಿಸುವುದೂ ಇದಕ್ಕೇ. ಆ ಎರಡು ಗಂಟೆಯಲ್ಲಿ ಹತ್ತು ಡಬ್ಬಿ ಪ್ಯಾಕ್ ಮಾಡಿಸಿ.

ಈ ಸಲದ ತರಬೇತಿಯಲ್ಲಿ ಪ್ಯಾಕಿಂಗ್ ಪಾಠ ಮಾಡಿದ್ದು ಆ ಹದಿನಾಲ್ಕು ಬಾಣದ ಟೆಕ್ನಿಷಿಯನ್. ಸ್ಲೈಡ್ ಇಲ್ಲ, ಒಂದು ಟೇಬಲ್, ನಾಲ್ಕು ಡಬ್ಬಿ. ಊಟದ ಗಂಟೆ ಹೊಡೆದರೂ ಯಾರೂ ಏಳಲಿಲ್ಲ. ಕೊಪ್ಪ, ಶೃಂಗೇರಿ ಕಡೆಯವರು ಈಗ ತಮ್ಮಲ್ಲೂ ಹೀಗೇ ಅಳೆದುಕೊಡಿ ಅಂತ ಕೇಳಿದ್ದಾರೆ. ಬರುತ್ತೇನೆ, ಪೆಟ್ರೋಲ್ ಮತ್ತು ಎರಡು ಲಾಗರ್ ನಿಮ್ಮದು ಅಂದಿದ್ದೇನೆ. ಪೆಟ್ರೋಲ್‌ಗೆ ಒಪ್ಪಿದ್ದಾರೆ, ಲಾಗರ್ ವಿಷಯ ಇನ್ನೂ ಚೌಕಾಸಿಯಲ್ಲಿದೆ.