ಹುಬ್ಬಳ್ಳಿಯಲ್ಲಿ ಇದ್ದುಕೊಂಡು ಬೋಟು ತಗೊಂಡೆ: ಸ್ಪೋರ್ಟ್‌ಬೋಟಾ, ಕ್ಯಾಬಿನ್ ಕ್ರೂಸರಾ?

ನನಗೆ ಮೊದಲಿಂದ ಬೇಕಿದ್ದದ್ದು ಕ್ಯಾಬಿನ್ ಕ್ರೂಸರ್. ಒಳಗೆ ಮಲಗೋಕೆ ಜಾಗ, ಸಣ್ಣ ಅಡುಗೆ ಕಟ್ಟೆ, ಟಾಯ್ಲೆಟ್ಟು, ರಾತ್ರಿ ಲಂಗರು ಹಾಕಿ ನೀರಿನ ಮೇಲೇ ನಿದ್ದೆ. ನಾಲ್ಕು ವರ್ಷ ಇದೇ ಕನಸು. ಕೊನೆಗೆ ಮನೆಗೆ ತಂದದ್ದು ಮಾತ್ರ ಮೇಲೆ ಸೂರಿಲ್ಲದ 20 ಅಡಿಯ ಸ್ಪೋರ್ಟ್‌ಬೋಟು. ಈಗ ಮೂರನೇ ಸೀಸನ್ ನಡೆಯುತ್ತಿದೆ. ಇದನ್ನೇ ಯಾಕೆ ತಗೊಂಡೆ ಅಂತ ತುಂಬಾ ಜನ ಕೇಳುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ಗೋಕುಲ ರೋಡಿನ ಇಂಡಸ್ಟ್ರಿಯಲ್ ಎಸ್ಟೇಟ್‌ನಲ್ಲಿ ಒಂದು ಮಷೀನ್ ಶಾಪ್. ಇಲ್ಲಿಂದ ಕಾರವಾರ ಸುಮಾರು 165 ಕಿಲೋಮೀಟರ್. ಕಲಘಟಗಿ, ಯಲ್ಲಾಪುರ, ಅರಬೈಲ್ ಘಾಟ್, ಅಂಕೋಲಾ, ಆಮೇಲೆ ಕಡಲು. ಅಂಗಡಿ ಬಿಟ್ಟು ವರ್ಷಕ್ಕೆ ಎಷ್ಟು ದಿನ ನೀರಿಗೆ ಇಳಿಯಬಹುದು ಅಂತ ಒಂದು ದಿನ ಕೂತು ಲೆಕ್ಕ ಹಾಕಿದೆ. 25 ದಿನ ಬಂತು. ಹಾಗಾದರೆ ಉಳಿದ 340 ದಿನ ಬೋಟು ಎಲ್ಲಿರಬೇಕು? ಮಾರುವವರು ಯಾರೂ ಈ ಮಾತು ಎತ್ತಲಿಲ್ಲ. ಅವರು ವೇಗ ಹೇಳುತ್ತಾರೆ, ಸೋಫಾ ತೋರಿಸುತ್ತಾರೆ.

ತಗೊಳ್ಳುವ ಮುಂಚೆ ಗೋವಾದಲ್ಲಿ ಎರಡನ್ನೂ ಬಾಡಿಗೆಗೆ ಹಿಡಿದು ನೋಡಿದೆ. ಇದೊಂದು ಕೆಲಸ ಎಲ್ಲರೂ ಮಾಡಲೇಬೇಕು. ಫೆಬ್ರವರಿಯಲ್ಲಿ 30 ಅಡಿಯ ಕ್ರೂಸರ್‌ನಲ್ಲಿ ಎರಡು ರಾತ್ರಿ ಕಳೆದೆವು. ಮೊದಲ ಸಂಜೆ ಮಾಂಡೋವಿ ನದಿಯಲ್ಲಿ ನಿಜವಾಗಿಯೂ ಸ್ವರ್ಗ. ಮನೆಯಿಂದ ಕಟ್ಟಿಕೊಂಡು ಹೋಗಿದ್ದ ರೊಟ್ಟಿ, ಶೇಂಗಾ ಚಟ್ನಿ ತಿಂದು ಮೇಲೆ ಕೂತಿದ್ದೆವು. ಒಳಗೆ ಮಲಗಲು ಹೋದಾಗ ಗೊತ್ತಾಯಿತು, ಹಗಲೆಲ್ಲ ಬಿಸಿಲು ಕುಡಿದ ಫೈಬರ್ ಗೂಡು ರಾತ್ರಿ ಹನ್ನೊಂದಾದರೂ ಆರುವುದಿಲ್ಲ. ಎಸಿ ಬೇಕು ಅಂದರೆ ಜನರೇಟರ್ ಓಡಬೇಕು, ಇಲ್ಲ ದಡದ ಕರೆಂಟು ಬೇಕು. ಜನರೇಟರ್ ಸದ್ದಿಗೆ ಮಕ್ಕಳು ಎದ್ದು ಕೂತರು. ಎರಡನೇ ರಾತ್ರಿ ಎಲ್ಲರೂ ಡೆಕ್ ಮೇಲೆ ಚಾಪೆ ಹಾಸಿದೆವು. ಅಂದರೆ ಕ್ಯಾಬಿನ್ ದುಡ್ಡು ಕೊಟ್ಟು ಹೊರಗೆ ಮಲಗಿದ ಹಾಗೆ ಆಯಿತಲ್ವಾ?

ಹೆಂಡತಿಗೆ ಮಾತ್ರ ಆ ಬೋಟು ಇಷ್ಟವಾಯಿತು, ಟಾಯ್ಲೆಟ್ ಇತ್ತಲ್ಲ. ಅದು ಸಣ್ಣ ವಿಷಯ ಅಲ್ಲ. ಹೆಂಗಸರು, ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಬೋಟು ಎಷ್ಟು ಹೊತ್ತು ನೀರಲ್ಲಿರಬಹುದು ಅನ್ನೋದನ್ನ ಅದೇ ತೀರ್ಮಾನಿಸುತ್ತದೆ.

ಆದರೂ ಕ್ರೂಸರ್ ಬಿಟ್ಟೆ. ಕಾರಣ ಅಗಲ. 30 ಅಡಿಯ ಕ್ರೂಸರ್ ಹೆಚ್ಚುಕಡಿಮೆ ಮೂರು ಮೀಟರ್ ಅಗಲ ಇರುತ್ತದೆ, ತೂಕ ನಾಲ್ಕೈದು ಟನ್. ನಮ್ಮ ರಸ್ತೆಯಲ್ಲಿ ವಾಹನದ ಅಗಲ 2.6 ಮೀಟರ್ ದಾಟುವ ಹಾಗಿಲ್ಲ. ಹಾಗಾಗಿ ಅದು ನಮ್ಮ ಊರಿಗೆ ಬರುವುದೇ ಇಲ್ಲ, ವರ್ಷವಿಡೀ ಕಡಲ ಹತ್ತಿರವೇ ಇರಬೇಕು. ಜಾಗಕ್ಕೆ ಅಡಿ ಲೆಕ್ಕದಲ್ಲಿ ಬಾಡಿಗೆ, ನೋಡಿಕೊಳ್ಳಲು ಒಬ್ಬ ಆಳು, ತಳಕ್ಕೆ ಕಪ್ಪೆಚಿಪ್ಪು ಹತ್ತದ ಹಾಗೆ ವರ್ಷಾವರ್ಷ ಬಣ್ಣ, ಮಳೆಗಾಲದಲ್ಲಿ ಕ್ರೇನಿನಿಂದ ಎತ್ತಿ ದಡದಲ್ಲಿ ಇಡುವ ಖರ್ಚು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೇ ನಿಷೇಧ ಇರುತ್ತದೆ, ದೊಡ್ಡ ಟ್ರಾಲರ್‌ಗಳೇ ದಡ ಸೇರುತ್ತವೆ. ಅಂಥ ಕಡಲಲ್ಲಿ ನನ್ನ ಬೋಟು ಕಟ್ಟಿಹಾಕಿ ಹುಬ್ಬಳ್ಳಿಯಲ್ಲಿ ನಾನು ನಿದ್ದೆ ಮಾಡಲಾರೆ.

ಡೀಸೆಲ್ ಲೆಕ್ಕವೂ ಹಾಕಿದೆ. ಡೀಸೆಲ್ ಎಂಜಿನ್ ಪೂರ್ತಿ ಜೋರಲ್ಲಿ ಒಂದು ಎಚ್‌ಪಿಗೆ ಗಂಟೆಗೆ ಸುಮಾರು 0.2 ಲೀಟರ್ ಕುಡಿಯುತ್ತದೆ. 250 ಎಚ್‌ಪಿಯ ಎರಡು ಎಂಜಿನ್ ಇದ್ದರೆ ಗಂಟೆಗೆ 100 ಲೀಟರ್. ಆರೇಳು ನಾಟ್‌ನಲ್ಲಿ, ಅಂದರೆ ಗಂಟೆಗೆ 11ರಿಂದ 13 ಕಿಲೋಮೀಟರ್‌ನಲ್ಲಿ, ನಿಧಾನಕ್ಕೆ ಹೋದರೆ ತುಂಬಾ ಕಡಿಮೆ ಸಾಕು, ಆದರೆ ಆ ವೇಗದಲ್ಲಿ ಒಂದೇ ದಿನದ ರಜೆಯಲ್ಲಿ ಎಲ್ಲಿಗೂ ಹೋಗಿ ಬರಲು ಆಗುವುದಿಲ್ಲ. ನನ್ನ ಸ್ಪೋರ್ಟ್‌ಬೋಟಿಗೆ 115 ಎಚ್‌ಪಿಯ ಪೆಟ್ರೋಲ್ ಔಟ್‌ಬೋರ್ಡ್, ಅಂದರೆ ಬೋಟಿನ ಹಿಂದೆ ಹೊರಗೆ ತೂಗುವ ಎಂಜಿನ್, ಇದೆ. ಪೂರ್ತಿ ಎಳೆದರೆ ಅದೂ ಗಂಟೆಗೆ 40 ಲೀಟರ್ ಹತ್ತಿರ ಹೋಗುತ್ತದೆ. 20 ನಾಟ್, ಅಂದರೆ 37 ಕಿಲೋಮೀಟರ್ ವೇಗದಲ್ಲಿ ಇಟ್ಟರೆ ಅದರ ಅರ್ಧದಲ್ಲಿ ಮುಗಿಯುತ್ತದೆ.

ಸೆಕೆಂಡ್ ಹ್ಯಾಂಡ್ ಹುಡುಕುವಾಗ ಮೊದಲು ನೋಡಿದ ಬೋಟು ಹೊರಗೆ ಫಳಫಳ ಅನ್ನುತ್ತಿತ್ತು. ಟ್ರಾನ್ಸಮ್, ಅಂದರೆ ಎಂಜಿನ್ ತೂಗುವ ಹಿಂದಿನ ಗೋಡೆ ಇದೆಯಲ್ಲ, ಅದನ್ನ ಪ್ಲಾಸ್ಟಿಕ್ ಸುತ್ತಿಗೆಯಲ್ಲಿ ಬಡಿಯುತ್ತಾ ಹೋದೆ. ಒಂದು ಕಡೆ ಟಣ್ ಅಂದಿತು, ಬೋಲ್ಟ್ ಹತ್ತಿರ ದಬ್ ಅಂದಿತು. ಒಳಗಿನ ಪ್ಲೈವುಡ್ ನೀರು ಕುಡಿದು ಕೊಳೆತಿತ್ತು. ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಆ ಗೋಡೆ ಹೋದರೆ ಬೋಟು ಹೋದ ಹಾಗೆ. ಅದನ್ನ ಬಿಟ್ಟು ಎರಡು ತಿಂಗಳು ಕಾದು ಈಗಿರುವ ಬೋಟು ತಗೊಂಡೆ, ಅದೂ ಸಿಲಿಂಡರ್ ಒಂದೊಂದರ ಕಂಪ್ರೆಷನ್ (ಒಳಗಿನ ಒತ್ತಡ) ಚೆಕ್ ಮಾಡಿದ ಮೇಲೆ. ಅಂಕಿ ಎಷ್ಟು ಬಂತು ಅನ್ನೋದಕ್ಕಿಂತ ಎಲ್ಲಾ ಸಿಲಿಂಡರ್ ಒಂದೇ ಸಮ ಇರಬೇಕು, ಅದು ಮುಖ್ಯ.

ಸ್ಪೋರ್ಟ್‌ಬೋಟು ಹುಬ್ಬಳ್ಳಿಯಲ್ಲೇ ನನ್ನ ಶೆಡ್ಡಿನಲ್ಲಿ ಇರುತ್ತದೆ, ಹಾಗಾಗಿ ಇನ್ನು ಗಾಡಿಯ ಹಿಂದೆ ಕಡಲಿಗೆ ಎಳೆದುಕೊಂಡು ಹೋಗುವ ವಿಷಯ. ಬೋಟು, ಎಂಜಿನ್, ಟ್ರೇಲರ್ ಸೇರಿ ಒಂದೂವರೆ ಟನ್ ದಾಟುತ್ತದೆ. ಟ್ರೇಲರ್‌ಗೂ ಆರ್‌ಟಿಒ ನೋಂದಣಿ ಬೇಕು, ಅದಕ್ಕೆ ಸ್ವಂತ ಬ್ರೇಕ್ ಇರಲೇಬೇಕು ಅಂತ ನಾನು ಹಟ ಹಿಡಿದೆ. ಅರಬೈಲ್ ಇಳಿಯುವಾಗ ಅದು ಇಲ್ಲದಿದ್ದರೆ ಹಿಂದಿನ ಭಾರ ಗಾಡಿಯನ್ನೇ ತಳ್ಳುತ್ತದೆ. ಮೊದಲ ಸೀಸನ್ನಿನಲ್ಲಿ ಒಂದು ತಪ್ಪು ಮಾಡಿದೆ. ಘಾಟ್ ಇಳಿದು ಬಂದವನೇ ಸೀದಾ ರ‍್ಯಾಂಪ್ ಮೇಲೆ ಹಿಂದಕ್ಕೆ ಹೊಡೆದು ಟ್ರೇಲರ್ ನೀರಿಗೆ ಇಳಿಸುತ್ತಿದ್ದೆ. ಕಾದ ಹಬ್, ಅಂದರೆ ಬೇರಿಂಗ್ ಕೂರುವ ಚಕ್ರದ ನಡುಭಾಗ, ತಣ್ಣೀರಿಗೆ ಬಿದ್ದರೆ ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿಯಿಂದ ಉಪ್ಪು ನೀರನ್ನ ಒಳಕ್ಕೆ ಎಳೆದುಕೊಳ್ಳುತ್ತದೆ. ಮೂರನೇ ಟ್ರಿಪ್ಪಿನಲ್ಲಿ ವಾಪಸ್ ಬರುವಾಗ ಯಲ್ಲಾಪುರ ದಾಟಿ ಬೇರಿಂಗ್ ಕಿರುಚಿತು, ಸಂಜೆ ಏಳಕ್ಕೆ ಕಾಡಿನ ನಡುವೆ ಜ್ಯಾಕ್ ಹಾಕಿ ಕೂತೆ. ದಿನಾ ಬೇರಿಂಗ್ ಕೂರಿಸುವ ಕೈ ನನ್ನದು, ಆದರೂ ಇದು ಹೊಳೆದಿರಲಿಲ್ಲ. ಈಗ ಕಾರವಾರ ಮುಟ್ಟಿದ ಮೇಲೆ ಚಹಾ ಕುಡಿದು, ಹಬ್ ಮುಟ್ಟಿ ನೋಡಿ, ತಣ್ಣಗಾದ ಮೇಲೇ ನೀರಿಗೆ. ವಾಪಸ್ ಬಂದ ಮೇಲೆ ಎಂಜಿನ್‌ಗೆ 15 ನಿಮಿಷ ಸಿಹಿನೀರು, ಹಬ್‌ಗೆ ಹೊಸ ಗ್ರೀಸ್.

ಪೆಟ್ರೋಲ್ ಬಗ್ಗೆ ಒಂದು ಮಾತು. ಈಗ ಬಂಕಿನಲ್ಲಿ ಸಿಗೋದು 20 ಪರ್ಸೆಂಟ್ ಎಥನಾಲ್ ಬೆರೆಸಿದ್ದು. ಎಥನಾಲ್ ಗಾಳಿಯ ತೇವ ಹೀರುತ್ತದೆ, ಜಾಸ್ತಿಯಾದರೆ ನೀರು ಮತ್ತು ಎಥನಾಲ್ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಕೂರುತ್ತವೆ. ಎಂಜಿನ್ ಎಳೆಯುವುದು ತಳದಿಂದಲೇ. ಅದಕ್ಕೆ ನೀರು ಬೇರ್ಪಡಿಸುವ ಫಿಲ್ಟರ್ ಹಾಕಿದ್ದೇನೆ, ಮಳೆಗಾಲಕ್ಕೆ ಮುಂಚೆ ಟ್ಯಾಂಕು ಖಾಲಿ ಮಾಡುತ್ತೇನೆ.

ಕಾಳಿ ನದಿ ಕಡಲು ಸೇರುವ ಅಳಿವೆಯಲ್ಲಿ ಮರಳು ದಿಬ್ಬಗಳಿವೆ. ಔಟ್‌ಬೋರ್ಡ್ ಆದ್ದರಿಂದ ಎಂಜಿನ್ ಮೇಲೆತ್ತಿ ಮೊಣಕಾಲು ಮಟ್ಟದ ನೀರಲ್ಲೂ ದಾಟಿಸಬಹುದು, ಕ್ರೂಸರ್‌ಗೆ ಇದು ಆಗದು. ಆದರೆ ಇಳಿತದ ನೀರು ಹೊರಗೆ ಹರಿಯುವಾಗ ಎದುರಿಂದ ಗಾಳಿ ಬೀಸಿದರೆ ಅಲ್ಲಿ ಗಿಡ್ಡ, ಕಡಿದಾದ ಅಲೆ ಏಳುತ್ತವೆ. ಸ್ಪೋರ್ಟ್‌ಬೋಟಿನ ಅಂಚು ತಗ್ಗು, ಒಂದೇ ಅಲೆ ಒಳಗೆ ಬಂದರೂ ಕಷ್ಟ. ಮಧ್ಯಾಹ್ನದ ಮೇಲೆ ವಾಯವ್ಯದ ಗಾಳಿ ಜೋರಾಗುತ್ತದೆ. ಅದಕ್ಕೇ ಬೆಳಿಗ್ಗೆ ಆರೂವರೆಗೆ ಹೊರಟು ಹನ್ನೊಂದರ ಒಳಗೆ ವಾಪಸ್. ದಕ್ಷಿಣಕ್ಕೆ ನೌಕಾನೆಲೆ, ಅಂಜುದ್ವೀಪ ಎಲ್ಲಾ ನಿಷೇಧಿತ ಜಾಗ, ಆ ಕಡೆ ತಲೆ ಹಾಕುವುದಿಲ್ಲ. ವಿಎಚ್‌ಎಫ್ ರೇಡಿಯೋ ತುರ್ತು ಕರೆಯ 16ನೇ ಚಾನೆಲ್‌ನಲ್ಲಿ ಆನ್ ಇರುತ್ತದೆ, ಕೋಸ್ಟ್ ಗಾರ್ಡ್ ನಂಬರ್ 1554 ಬೋಟಿನ ಮೇಲೆ ದೊಡ್ಡದಾಗಿ ಬರೆದಿದ್ದೇನೆ.

2019ರ ಜನವರಿ 21ರಂದು ಕಾರವಾರದ ಹತ್ತಿರದ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮಗುಚಿ ಹತ್ತಕ್ಕಿಂತ ಜಾಸ್ತಿ ಜನ ತೀರಿಕೊಂಡರು. ಅವರಲ್ಲಿ ನಮ್ಮ ಹಾವೇರಿ ಜಿಲ್ಲೆಯವರೂ ಇದ್ದರು. ಅಮ್ಮ ಅದನ್ನ ಮರೆತಿಲ್ಲ. ಬೋಟು ತರುವ ದಿನ ಒಂದೇ ಮಾತು ಹೇಳಿದಳು: "ಜಾಕೀಟ ಹಾಕ್ಕೊಳ್ಳಲಾರದವರನ್ನ ಹತ್ತಿಸಬ್ಯಾಡ." ನನ್ನ ಬೋಟಿಗೆ ಏಳು ಜನ ಅಂತ ಬರೆದಿದೆ, ನಾನು ಐದೇ ಜನರನ್ನ ಹತ್ತಿಸುತ್ತೇನೆ. ಊರಿಂದ ನೆಂಟರು ಬಂದು ಇನ್ನಿಬ್ಬರು ಅಂದರೂ ಇಲ್ಲ.

ಕಳೆದುಕೊಂಡದ್ದೂ ಇದೆ. ಬಿಸಿಲಿಗೆ ಮಡಚುವ ಬಟ್ಟೆಯ ಸೂರು ಹಾಕಿಸಿದೆ, ಅದರಿಂದ ಒಂದು ಮಟ್ಟಿಗೆ ಸಾಕು. ರಾತ್ರಿ ಕಾರವಾರದಲ್ಲಿ ಲಾಡ್ಜು, ಅದಕ್ಕೆ ಬೇಸರವಿಲ್ಲ. ಆದರೆ ಅಮ್ಮ ಈ ಜನವರಿಯಲ್ಲಿ ಜಾಕೆಟ್ ಹಾಕಿಕೊಂಡು ದೇವಬಾಗ ಬೀಚಿನ ತನಕ ಬಂದು, ಡಾಲ್ಫಿನ್ ಬೆನ್ನು ಕಂಡು ಕೈಮುಗಿದು, ಇನ್ನೂ ಸ್ವಲ್ಪ ಹೊತ್ತು ಇರೋಣ ಅಂದಾಗ, ಟಾಯ್ಲೆಟ್ ಇಲ್ಲ ಅನ್ನೋ ಒಂದೇ ಕಾರಣಕ್ಕೆ ಒಂದೂವರೆ ಗಂಟೆಗೇ ತಿರುಗಿಸಬೇಕಾಯಿತು. ಅದು ನನಗೆ ಇವತ್ತಿಗೂ ಚುಚ್ಚುತ್ತದೆ. ಕಾರವಾರದಲ್ಲೋ ಪಣಜಿಯಲ್ಲೋ ಮನೆ ಇದ್ದವರು, ದಿನಾ ಬೋಟಿನ ಮುಖ ನೋಡಬಲ್ಲವರು ಕ್ರೂಸರ್ ತಗೊಳ್ಳಲಿ ಅಂತ ನಾನೇ ಹೇಳುತ್ತೇನೆ.

ನಾನು ಮಾತ್ರ ಈಗ ಇಂಗ್ಲಿಷಿನಲ್ಲಿ ಕಡ್ಡಿ ಕ್ಯಾಬಿನ್ (cuddy cabin) ಅನ್ನೋ ನಡುವಿನ ಜಾತಿಯ ಬೋಟು ನೋಡುತ್ತಿದ್ದೇನೆ. ಸ್ಪೋರ್ಟ್‌ಬೋಟೇ, ಮುಂದಿನ ಮೂತಿಯಲ್ಲಿ ಬಗ್ಗಿ ಹೋಗುವಷ್ಟು ಗೂಡು, ಅದರಲ್ಲಿ ಒಂದು ಪೋರ್ಟಬಲ್ ಟಾಯ್ಲೆಟ್. 22 ಅಡಿ ಉದ್ದ, 2.5 ಮೀಟರ್ ಅಗಲ. ಕಳೆದ ಭಾನುವಾರ ಟೇಪು ಹಿಡಿದು ಶೆಡ್ಡಿನ ಗೇಟು ಅಳೆದೆ, ಆರಾಮಾಗಿ ಒಳಗೆ ಬರುತ್ತದೆ. ಉದ್ದಕ್ಕೆ ಮಾತ್ರ ಮೂಲೆಯಲ್ಲಿರುವ ಹಳೇ ಲೇತ್ ಸರಿಸಬೇಕು.